ನಾನು ಬರೆದ ಠರಾವು

ನಮ್ಮೂರ ಶಾಲೆಯ ಸಭೆಗಳಲ್ಲಿ ಸಹಿ ಮೊದಲು, ಮಾತು ಆಮೇಲೆ. ಜನ ಬಂದು ಕೂರುವ ಮೊದಲೇ ನಡಾವಳಿ ಪುಸ್ತಕವನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ತೆರೆದಿಡುತ್ತಿದ್ದರು. ಬಂದವರು ಎಡಗಡೆಯ ಪುಟದಲ್ಲಿ ಹಾಜರಿಯ ಸಹಿ ಹಾಕಬೇಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಬಲಗಡೆಯ ಪುಟ ಖಾಲಿ ಇರುತ್ತಿತ್ತು. ಏನು ನಿರ್ಧಾರವಾಯಿತು ಎಂಬ ಠರಾವನ್ನು ಅಲ್ಲಿ ಸಭೆ ಮುಗಿದ ಮೇಲೆ ಬರೆಯುವುದು. ಯಾರೋ ಮೋಸ ಮಾಡಲೆಂದು ಹುಟ್ಟಿಸಿದ ಪದ್ಧತಿ ಇದಲ್ಲ. ಸಭೆಯ ಕೊನೆಗೆ ಮಂಡಕ್ಕಿ ಮಿರ್ಚಿ ಬರುತ್ತಿತ್ತು. ತಿಂದವರು ಕೈ ಒರೆಸಿಕೊಂಡು ಹಾಗೆಯೇ ಹೊಲಕ್ಕೆ ಹೋಗಿಬಿಡುತ್ತಿದ್ದರು. ಆಮೇಲೆ ಸಹಿಗಾಗಿ ಮನೆಮನೆ ಅಲೆದು ಸಾಕಾದ ಹೆಡ್ ಮಾಸ್ತರರು ಈ ಉಪಾಯ ಕಂಡುಕೊಂಡಿದ್ದರು. ಹೆಬ್ಬೆಟ್ಟು ಒತ್ತಿದವರು ಬಾಗಿಲ ಪಕ್ಕದ ಗೋಡೆಗೆ ಬೆರಳು ಉಜ್ಜುತ್ತಿದ್ದರಿಂದ ಸುಣ್ಣದ ಮೇಲೆ ನೀಲಿ ಗೆರೆಗಳ ಒಂದು ಪಟ್ಟಿಯೇ ಆಗಿತ್ತು.

ಬ್ಯಾಡಗಿಯಿಂದ ಕಾಗಿನೆಲೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಪ್ಪನಿಗೆ ಬ್ಯಾಡಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇತ್ತು. ಊರಿನ ಶಾಲೆಯ ಮೇಲುಸ್ತುವಾರಿ ಸಮಿತಿಗೆ, ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ ಎನ್ನುವುದಕ್ಕೆ, ಅವರೇ ಅಧ್ಯಕ್ಷರು. ನಾನು ಆರನೆಯ ಇಯತ್ತೆಯಲ್ಲಿದ್ದೆ. ನಮ್ಮ ಶಾಲೆಗೆ ಬಿಸಿಯೂಟ ಬಂದು ಒಂದು ವರ್ಷವಾಗಿತ್ತು. ಹೆಡ್ ಮಾಸ್ತರರ ಅಕ್ಷರ ಮರುದಿನ ಅವರಿಗೇ ಓದಲು ಬರುತ್ತಿರಲಿಲ್ಲ. ಸಭೆ ನಡೆಯುವಾಗ ಅವರು ಹಳೆಯ ಉತ್ತರಪತ್ರಿಕೆಯ ಹಿಂಬದಿಗೆ ನಾಲ್ಕು ಸಾಲು ಗೀಚಿಕೊಳ್ಳುತ್ತಿದ್ದರು. ಅದನ್ನು ನೋಡಿ ಪುಸ್ತಕದಲ್ಲಿ ದುಂಡಗೆ ಬರೆಯುವ ಕೆಲಸ ನನ್ನದು. ಹೀಗೆ ಏಳೆಂಟು ಸಭೆಗಳಿಗೆ ಹೋದೆ. ಶಾಲೆಯ ಪಾಠಗಳಿಗಿಂತ ಹೆಚ್ಚಾಗಿ ಅಲ್ಲಿ ಕಲಿತೆನೇನೋ ಎಂದು ಈಗ ಅನಿಸುತ್ತದೆ. ಈಗ ಅನಿಸುವುದನ್ನು ಆಗಲೇ ಗೊತ್ತಿತ್ತು ಎಂದು ಬರೆದುಬಿಡುವ ಚಟ ನನಗಿದೆ, ಆದ್ದರಿಂದ ಜೋಪಾನವಾಗಿ ಬರೆಯುತ್ತೇನೆ.

ಮೂರು ಕುರ್ಚಿ ಯಾರಿಗೆ, ಜಮಖಾನ ಯಾರಿಗೆ, ಹೆಂಗಸರು ಹೊಸ್ತಿಲಿನಿಂದ ಎಷ್ಟು ಒಳಗೆ ಬರಬಹುದು ಎಂಬುದು ಯಾರೂ ಹೇಳಿಕೊಡದೆ ತಿಳಿಯಿತು. ಸಭೆ ಶುರುವಾಗುವ ಹೊತ್ತಿಗೆ ನಿರ್ಧಾರ ಆಗಿಯೇ ಇರುತ್ತದೆ, ಅದು ಆಗುವುದು ಬ್ಯಾಡಗಿಯಲ್ಲಿ ನಮ್ಮ ಅಂಗಡಿಯ ಮುಂದಿನ ಬೆಂಚಿನ ಮೇಲೆ ಎಂಬುದೂ ತಿಳಿಯಿತು. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದದ್ದು ಆ ಪುಸ್ತಕದ ಭಾಷೆ. ಮಾತಿನಲ್ಲಿ ಜಗಳವಾಗಿದ್ದದ್ದು ಪುಸ್ತಕದಲ್ಲಿ ‘ಕೂಲಂಕಷವಾಗಿ ಚರ್ಚಿಸಲಾಯಿತು’ ಆಗುತ್ತಿತ್ತು. ಯಾರೂ ಏನೂ ಹೇಳದೆ ಆಕಳಿಸಿದ್ದು ‘ಸರ್ವಾನುಮತ’ ಆಗುತ್ತಿತ್ತು. ಕುಂಟೆಬಿಲ್ಲೆ ಆಡುವಾಗ ನಾನು ಗೆಳತಿಯರಿಗೆ, “ಸರ್ವಾನುಮತದಿಂದ ನೀ ಔಟ್” ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ಆದರೆ ಔಟ್ ಆಗಿ ಹೊರಗೆ ಹೋಗುತ್ತಲೂ ಇದ್ದರು.

ಒಂದು ಸಾಲು ನನಗೆ ಬಾಯಿಪಾಠವಾಗಿತ್ತು. ಸಮಿತಿಯ ಒಬ್ಬ ಸದಸ್ಯರು ಮಕ್ಕಳ ಓದಿಗೆಂದು ರಾಣೇಬೆನ್ನೂರಿಗೆ ಮನೆ ಬದಲಿಸಿದಾಗ ಹೆಡ್ ಮಾಸ್ತರರು ಬರೆಸಿದ್ದು: ‘ಸದರಿಯವರು ತಮ್ಮ ಮನೆಯ ಅನಾನುಕೂಲತೆಯ ಕಾರಣ ಸ್ವಇಚ್ಛೆಯಿಂದ ಸ್ಥಾನವನ್ನು ಬಿಟ್ಟುಕೊಟ್ಟಿದ್ದು, ಸಭೆಯು ಅದನ್ನು ಸರ್ವಾನುಮತದಿಂದ ಅಂಗೀಕರಿಸಿತು.’ ಅದನ್ನು ಬರೆದ ದಿನ ಮನೆಗೆ ಹೋಗಿ ಎರಡು ಸಲ ಗಟ್ಟಿಯಾಗಿ ಹೇಳಿಕೊಂಡಿದ್ದೆ. ಅಷ್ಟು ಉದ್ದದ ವಾಕ್ಯ ಎಲ್ಲಿಯೂ ಎಡವದೆ ಮುಗಿಯುತ್ತದಲ್ಲ ಎಂದು ಖುಷಿ.

ಬಿಸಿಯೂಟದ ಅಡುಗೆ ಮಾಡುತ್ತಿದ್ದವಳನ್ನು ಮಕ್ಕಳೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಗಂಡ ಇರಲಿಲ್ಲ, ಒಬ್ಬ ಮಗ ಇದ್ದ. ಊರಿನಲ್ಲಿ ವರ್ಷದುದ್ದಕ್ಕೂ ನೆರಳಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕ ಹೆಂಗಸು ಆಕೆಯೊಬ್ಬಳೇ. ಸಮಿತಿಯ ಹಿರಿಯ ಸದಸ್ಯರೊಬ್ಬರಿದ್ದರು. ನಾವು ಯಜಮಾನರು ಎನ್ನುತ್ತಿದ್ದೆವು. ಅವರಿಗೆ ಆ ಕೆಲಸ ತಮ್ಮ ತಮ್ಮನ ಹೆಂಡತಿಗೆ ಆಗಬೇಕಿತ್ತು. ಅಂಗಡಿಯ ಬೆಂಚಿನ ಮೇಲೆ ಅಪ್ಪ ಹೂಂ ಅಂದಿದ್ದರು. ದೊಡ್ಡವ್ವನ ಮೇಲೆ ಇದ್ದ ದೂರು ಒಂದೇ: ಊಟ ತಡವಾಗುತ್ತದೆ.

ಇದನ್ನು ಮಾತಾಡಲು ಕರೆದ ಸಭೆಗೆ ಆಕೆಯನ್ನೂ ಕರೆಸಿದ್ದರು. ಬಂದವಳು ಎಲ್ಲರಂತೆ ಹೆಬ್ಬೆಟ್ಟು ಒತ್ತಿ ಹೊಸ್ತಿಲ ಹತ್ತಿರ ಕುಳಿತಳು.

ಯಜಮಾನರು ಶುರು ಮಾಡಿದರು. “ಅನ್ನ ಒಂದಕ್ಕ ಆಗಬೇಕು, ಎರಡಕ್ಕ ಆಗಾಕತ್ತೈತಿ. ಹುಡುಗೂರು ಹಸದು ಒಣಗತಾವ. ಬ್ಯಾರೇ ಯಾರನರ ನೋಡೋಣ್ರಿ.”

“ಆಕೀನೂ ಒಂದ್ ಮಾತ್ ಕೇಳೋಣ್ರಿ,” ಎಂದರು ಹೆಡ್ ಮಾಸ್ತರರು.

“ಕೇಳ್ರಿ ಹಂಗಂದ್ರ,” ಎಂದಳು ದೊಡ್ಡವ್ವ. “ನೀರಿಲ್ದ ಅನ್ನ ಮಾಡೋ ಮಂತ್ರ ಯಾರಿಗರ ಬರತಿದ್ರ ನನಗೂ ಕಲಸ್ರಿ.”

ಜಮಖಾನದ ಮೇಲಿದ್ದವರು ನಕ್ಕರು. ಆಕೆ ನಗಲಿಲ್ಲ.

“ಊರಿನ ಮೋಟರ್ ಕೀಲಿ ಎಲ್ಲೈತಿ? ಈ ಯಜಮಾನ್ರ ಮನ್ಯಾಗ ಐತಿ. ಇವರ ದನದ ಮೈ ತೊಳದು, ಇವರ ಅಂಗಳಾ ತೊಳದು, ಹನ್ನೊಂದೂವರಿಗೆ ಶಾಲಿಗೆ ನೀರ ಬಿಡ್ತಾರ. ನಾ ಒಂಬತ್ತಕ್ಕ ಬಂದು ಖಾಲಿ ಕೊಡಾ ಮುಂದಿಟ್ಟಕೊಂಡು ಕುಂತಿರ್ತೇನಿ. ಕೀಲಿ ನನ್ನ ಕೈಯಾಗ ಕೊಡ್ರಿ. ಹನ್ನೆರಡೂವರಿಗೆ ಗಂಗಾಳದಾಗ ಅನ್ನ ಹಾಕಲಿಲ್ಲಂದ್ರ ನಾನಾ ಎದ್ದ ಹೋಗ್ತೇನಿ.”

“ಅಬಬಬ, ಹಾವೇರಿ ಕೋರ್ಟಿನ್ಯಾಗ ಇರಬೇಕಾದಾಕಿ ನೋಡ್ರೆಪಾ ಈಕಿ,” ಎಂದರು ಒಬ್ಬರು.

“ಕೋರ್ಟಿನ್ಯಾಗಿದ್ರ ಇಲ್ಲಿ ಹೊಗಿ ಯಾಕ ಕುಡೀತಿದ್ದೆ? ನಗಬ್ಯಾಡ್ರಿ, ಬರಕೋರಿ ಇದನ್ನ. ನಾ ಹೇಳಿದ್ದು ಪುಸ್ತಕದಾಗ ಬರಲಿ.” ಆಮೇಲೆ ಮೇಜಿನ ಹತ್ತಿರ ಕುಳಿತಿದ್ದ ನನ್ನನ್ನು ನೋಡಿ, “ಯವ್ವಾ, ಬರೀತೀ ಹೌದಿಲ್ಲೋ?” ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.

ಯಜಮಾನರ ಮುಖ ಕೆಂಪಾಗಿತ್ತು. ಮಾತು ಬೆಳೆಯುವುದು ಅಪ್ಪನಿಗೆ ಬೇಡವಾಗಿತ್ತು. “ಆತು, ಎಲ್ಲಾ ಬರೀತಾಳ. ಏಳ್ರಿ, ಮಿರ್ಚಿ ಆರಾಕತ್ತಾವು,” ಎಂದರು. ಎಲ್ಲರೂ ಎದ್ದರು. ಕೆಲಸ ಬಿಡಿಸುತ್ತೇವೆ ಎಂದಾಗಲಿ, ಇರು ಎಂದಾಗಲಿ ಯಾರೂ ಹೇಳಲಿಲ್ಲ.

ಇಲ್ಲಿಂದ ಮುಂದಿನದು ನನ್ನ ನೆನಪಿನಲ್ಲಿ ಬಹಳ ಸ್ಪಷ್ಟವಾಗಿತ್ತು. ಅಪ್ಪ ನನ್ನ ಹಿಂದೆ ಬಂದು ನಿಲ್ಲುತ್ತಾರೆ. ಅವರ ಅಂಗಿಯಿಂದ ಅಂಗಡಿಯ ಗೊಬ್ಬರದ ವಾಸನೆ. ಭುಜದ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಒಂದೊಂದೇ ಪದ ಹೇಳುತ್ತಾರೆ, ನಾನು ಬರೆಯುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯರಿಗೆ ಇದನ್ನು ಹೀಗೇ ಹೇಳಿದ್ದೆ. ಹೇಳುತ್ತಾ ಹೇಳುತ್ತಾ ಅಪ್ಪನ ಕೈ ಇನ್ನಷ್ಟು ಭಾರವಾಗುತ್ತಿತ್ತು. ಒಬ್ಬಳು ನನ್ನ ಕೈ ಹಿಡಿದುಕೊಂಡು, “ಪಾಪ, ಮಕ್ಕಳಿಂದ ಏನೇನು ಮಾಡಿಸ್ತಾರೆ,” ಎಂದಿದ್ದಳು. ಆ ಸಮಾಧಾನವನ್ನು ನಾನು ಸುಖವಾಗಿ ಅನುಭವಿಸಿದ್ದೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ಟ್ರಂಕಿನಲ್ಲಿ ನನ್ನ ಹಳೆಯ ಡೈರಿ ಸಿಕ್ಕಿತು. ಗೊಬ್ಬರದ ಕಂಪನಿಯವರು ಅಂಗಡಿಗೆ ಕೊಡುತ್ತಿದ್ದ ಡೈರಿ. ಅಪ್ಪ ಪ್ರತಿವರ್ಷ ಒಂದನ್ನು ನನಗೆ ಕೊಡುತ್ತಿದ್ದರು. ಆ ಸಭೆಯ ದಿನ ಹೀಗೆ ಬರೆದಿದ್ದೆ: ‘ಇವತ್ತು ಮೀಟಿಂಗ್. ಅಪ್ಪಾ ಮತ್ತು ಎಲ್ಲರೂ ಮಿರ್ಚಿ ತಿನ್ನಲು ಹೊರಗೆ ಹೋದರು. ಹೆಡ್ ಸರ್ ಒಂದೇ ಸಾಲು ಕೊಟ್ಟು ಉಳಿದದ್ದು ನಿನಗೆ ಗೊತ್ತಲ್ಲ ಅಂದರು. ಠರಾವು ನಾನೇ ಸ್ವಂತ ಬರೆದೆ. ಸರ್ ಓದಿ ಭೇಷ್ ಅಂದರು. ಅಪ್ಪಾ ನನಗೆ ಎರಡು ಮಿರ್ಚಿ ತೆಗೆದು ಇಟ್ಟಿದ್ದರು.’

ಸ್ವಂತ ಎಂಬ ಪದದ ಕೆಳಗೆ ಗೆರೆ ಎಳೆದಿದ್ದೆ.

ಹೆಡ್ ಮಾಸ್ತರರು ಕೊಟ್ಟ ಆ ಒಂದು ಸಾಲು ‘ಅಡುಗೆಯವರ ಬದಲಾವಣೆ’ ಎಂದಿರಬೇಕು, ಅದು ಡೈರಿಯಲ್ಲಿಲ್ಲ. ಪುಸ್ತಕದಲ್ಲಿ ನಾನು ಬರೆದದ್ದು ಮಾತ್ರ ಅಕ್ಷರ ತಪ್ಪದೆ ನೆನಪಿದೆ, ಏಕೆಂದರೆ ಅದು ನನ್ನ ಬಾಯಿಪಾಠದ ವಾಕ್ಯ. ಸದರಿ ಅಡುಗೆಯವರು ತಮ್ಮ ಮನೆಯ ಅನಾನುಕೂಲತೆಯ ಕಾರಣ ಸ್ವಇಚ್ಛೆಯಿಂದ ಕೆಲಸವನ್ನು ಬಿಟ್ಟುಕೊಟ್ಟಿದ್ದು, ಸಭೆಯು ಅದನ್ನು ಸರ್ವಾನುಮತದಿಂದ ಅಂಗೀಕರಿಸಿತು. ಮೋಟರಿನ ಕೀಲಿಯ ಮಾತು ಅದರಲ್ಲಿ ಬರಲಿಲ್ಲ. ನಾನು ಮರೆತೆನೆಂದಲ್ಲ. ಠರಾವಿನಲ್ಲಿ ದನದ ಮೈ, ಅಂಗಳ, ಖಾಲಿ ಕೊಡ ಇಂಥವನ್ನು ಬರೆದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವು ಪುಸ್ತಕದ ಮಾತುಗಳಲ್ಲ ಎಂದು ನನಗೆ ಅನಿಸಿರಬೇಕು. ಅನಿಸಿರಬೇಕು ಎನ್ನುವುದೂ ನನ್ನನ್ನು ಉಳಿಸಿಕೊಳ್ಳುವ ಒಂದು ದಾರಿಯೇ ಇರಬಹುದು.

ಸಭೆಯ ನಂತರದ ಸೋಮವಾರ ಒಲೆಯ ಮುಂದೆ ಯಜಮಾನರ ತಮ್ಮನ ಹೆಂಡತಿ ಇದ್ದಳು. ದೊಡ್ಡವ್ವ ಬ್ಯಾಡಗಿಗೆ ಹೋಗಿ ಯಾರ ಕೈಯಲ್ಲೋ ಅರ್ಜಿ ಬರೆಸಿ ಕೊಟ್ಟು ಬಂದಳು. ಎರಡು ವಾರದ ಮೇಲೆ ತಾಲೂಕಿನಿಂದ ಒಬ್ಬ ಸಾಹೇಬರು ಮೋಟರ್ ಸೈಕಲ್ಲಿನಲ್ಲಿ ವಿಚಾರಣೆಗೆ ಬಂದರು. ಆ ದಿನ ಅಪ್ಪ ಅಂಗಡಿಯಲ್ಲಿದ್ದರು. ಇದನ್ನು ಒತ್ತಿ ಬರೆಯಬೇಕು: ಅಪ್ಪ ಆ ದಿನ ಊರಿನಲ್ಲೇ ಇರಲಿಲ್ಲ.

ನಮ್ಮ ತರಗತಿಯ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಸಾಹೇಬರು ಪುಸ್ತಕ ಓದಿ, ದೊಡ್ಡವ್ವನ ಕಡೆ ತಿರುಗಿದರು. “ಸ್ವಇಚ್ಛೆಯಿಂದ ಬಿಟ್ಟೇನಿ ಅಂತ ಐತಲ್ಲಮ್ಮ ಇಲ್ಲಿ. ಇವರು ನಿನ್ನ ತಗದಿದ್ರ ಯಾಕ ತಗದ್ರಿ ಅಂತ ನಾ ಕೇಳಬಹುದಿತ್ತು. ಬಿಟ್ಟ ಹೋದಾಕಿನ್ನ ಏನ್ ಮಾಡ್ಲಿ?”

“ನಾ ಬಿಟ್ಟಿಲ್ರಿ ಸಾಹೇಬ್ರ. ಬಿಡೂದಿಲ್ಲ ಅಂತ ಹೇಳಾಕಂತನ ಬಂದಿದ್ದೆ ಅವತ್ತ.”

“ನಿನ್ನ ಹೆಬ್ಬೆಟ್ಟು ಐತಿ.”

“ಅದು ಬಂದ ಕೂಡ್ಲೆ ಒತ್ತಿದ್ರಿ. ಎಲ್ಲಾರೂ ಒತ್ತತಾರ. ಆವಾಗ ಈ ಕಡೆ ಪುಟಾ ಬೋಳ ಇತ್ತು.”

ಸಾಹೇಬರು ಹೆಡ್ ಮಾಸ್ತರರನ್ನು ನೋಡಿದರು. ಹೆಡ್ ಮಾಸ್ತರರು ಕಿಟಕಿಯ ಕಡೆ ನೋಡಿದರು. ಅಷ್ಟರಲ್ಲಿ ದೊಡ್ಡವ್ವನೇ, “ಬರದಾಕಿ ಕೂಸು ಇಲ್ಲೇ ಶಾಲಿಯೊಳಗ ಐತ್ರಿ. ಅದನ್ನ ಕರದ ಕೇಳ್ರಿ. ಕೂಸು ಸುಳ್ಳ ಹೇಳೂದಿಲ್ಲ,” ಎಂದಳು.

ನನ್ನನ್ನು ತರಗತಿಯಿಂದ ಕರೆಸಿದರು. ಮೊದಲು ಓದಲು ಹೇಳಿದರು. ನಾನು ಎಡವದೆ ಓದಿದೆ. “ಚಲೋ ಓದತಿ,” ಎಂದರು ಸಾಹೇಬರು. “ಈಕಿ ಕೆಲಸಾ ಬಿಡತೇನಿ ಅಂತ ಅಂದಿದ್ದಳೇನು?”

“ಯವ್ವಾ, ನನ್ನ ಮಾರಿ ನೋಡಿ ಹೇಳು,” ಎಂದಳು ದೊಡ್ಡವ್ವ. “ಕೀಲಿ ಮಾತ ಹೇಳಿದ್ನೋ ಇಲ್ಲೋ?”

ಕೀಲಿ ತನ್ನ ಕೈಯಲ್ಲಿ ಕೊಡಿ ಎಂದು ಆಕೆ ಹೇಳಿದ್ದು, ನಕ್ಕವರು, ಯಜಮಾನರ ಕೆಂಪು ಮುಖ ಎಲ್ಲವೂ ಆಗ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಆಕೆಯ ಮುಖ ನೋಡಲಿಲ್ಲ, ಪುಸ್ತಕ ನೋಡಿದೆ. ಆ ಪುಟದಲ್ಲಿ ಎಲ್ಲಿಯೂ ಹೊಡೆದುಹಾಕಿದ್ದಿಲ್ಲ, ತಿದ್ದಿದ್ದಿಲ್ಲ. ಕೀಲಿಯ ಮಾತಿಗೆ ಹೌದು ಎಂದರೆ ಸಾಹೇಬರು ಕೆಂಪು ಪೆನ್ನಿನಿಂದ ಅದರ ಮೇಲೆ ಅಡ್ಡ ಗೆರೆ ಎಳೆಯುತ್ತಾರೆ ಎಂದು ಹೆದರಿದ್ದು ನನಗೆ ಖಂಡಿತ ನೆನಪಿದೆ. ಅಪ್ಪನ ಮರ್ಯಾದೆಗಾಗಿ ಹೆದರಿದೆ ಎಂದು ಬರೆದರೆ ಓದುವವರು ಕ್ಷಮಿಸಬಹುದು. ಹೆದರಿದ್ದು ನನ್ನ ಪುಟಕ್ಕಾಗಿ.

“ಬಿಡತೇನಿ ಅಂದಿದ್ರು ಸರ್,” ಎಂದೆ. “ಸರ್ವಾನುಮತ ಆಗಿತ್ತು.”

ಸಾಹೇಬರು ಮತ್ತೊಂದು ಕಾಗದದ ಮೇಲೆ ದೊಡ್ಡವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಈ ಸಲ ಆಕೆ ಬೆರಳನ್ನು ಗೋಡೆಗೆ ಉಜ್ಜಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದಳು.

ಸಂಜೆಯೊಳಗೆ ಸುದ್ದಿ ಅವ್ವನಿಗೆ ಮುಟ್ಟಿತ್ತು. ರೊಟ್ಟಿ ಬಡಿಯುತ್ತಲೇ ಕೇಳಿದಳು. “ಆಕಿ ಖರೇನ ಹಂಗಂದಿದ್ಲೇನು?”

“ಪುಸ್ತಕದಾಗ ಐತೆವ್ವಾ.”

“ಪುಸ್ತಕ ಯಾರ ಕೇಳಿದ್ರು? ನಿನ್ನ ಕೇಳಾಕತ್ತೇನಿ.”

ನಾನು ರೊಟ್ಟಿಯ ಬುಟ್ಟಿ ಸರಿಸಿಟ್ಟೆ. ಅವ್ವ ಇನ್ನೊಮ್ಮೆ ಕೇಳಲಿಲ್ಲ. ಅದರ ನಂತರ ನಾನು ಸಭೆಗೆ ಹೊರಟಾಗಲೆಲ್ಲ ಆಕೆ ಏನಾದರೂ ಕೆಲಸ ಹಚ್ಚಿ ತಡೆಯುತ್ತಿದ್ದಳು. ಮುಂದಿನ ವರ್ಷ ಅಪ್ಪನ ಅವಧಿ ಮುಗಿಯಿತು, ನನ್ನ ಬರೆಯುವ ಕೆಲಸವೂ ನಿಂತಿತು.

ದೊಡ್ಡವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗತೊಡಗಿದಳು. ಬೆಳಗಿನ ಟೆಂಪೋದಲ್ಲಿ ಹತ್ತಿಪ್ಪತ್ತು ಹೆಂಗಸರು ಒತ್ತಿಕೊಂಡು ಹೋಗುತ್ತಿದ್ದರು, ಸಂಜೆ ಕೆಮ್ಮುತ್ತಾ ಇಳಿಯುತ್ತಿದ್ದರು. ಆ ಕೆಲಸ ಮಾಡಿದವರ ಕೈ ರಾತ್ರಿಯಿಡೀ ಉರಿಯುತ್ತದೆ. ಎಳೆಯ ಕೂಸನ್ನು ಎತ್ತಿಕೊಳ್ಳಲು ಆಗುವುದಿಲ್ಲ. ದಾರಿಯಲ್ಲಿ ಎದುರಾದರೆ ನಾನು ಓಣಿ ಬದಲಿಸುತ್ತಿದ್ದೆ. ಆಮೇಲೆ ಹೈಸ್ಕೂಲಿಗೆ, ಕಾಲೇಜಿಗೆ ಹೊರಗೆ ಹೋದೆ. ತಪ್ಪಿಸಿಕೊಳ್ಳುವುದು ಸುಲಭವಾಯಿತು.

ಡೈರಿ ಸಿಕ್ಕ ಮುಂದಿನ ಬೇಸಿಗೆಯಲ್ಲಿ, ಧಾರವಾಡದಿಂದ ಬರುತ್ತಾ ಹಾವೇರಿ ಬಸ್ ನಿಲ್ದಾಣದಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಹಿಂದಿನಿಂದ ನನ್ನ ಜಡೆ ಜಗ್ಗಿದರು. ತಿರುಗಿದರೆ ದೊಡ್ಡವ್ವ.

“ಏನಬೇ, ಕರೆಂಟ್ ಕಂಬ ಆದಂಗ ಆಗೀದಿ! ಊಟಾ ಹಾಕ್ತಾರೋ ಇಲ್ಲೋ ಹಾಸ್ಟೇಲದಾಗ?”

ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸೊಸೆಯ ಹೆರಿಗೆಗೆಂದು ದೊಡ್ಡಾಸ್ಪತ್ರೆಗೆ ಬಂದಿದ್ದಳಂತೆ, ಹೆಣ್ಣು ಕೂಸಂತೆ. ಪಕ್ಕದಲ್ಲಿ ಕೂತು ಸೆರಗಿನಿಂದ ಶೇಂಗಾ ತೆಗೆದು ನನ್ನ ಕೈಗೆ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಆ ಮಾತು ತೆಗೆದಳು.

“ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ ತಂಗಿ. ನೀ ಸಣ್ಣಾಕಿ. ನಿಮ್ಮಪ್ಪ ಬರಿಸಿದ, ನೀ ಬರದಿ. ನಿಮ್ಮಪ್ಪ ಹೇಳಕೊಟ್ಟ, ನೀ ಹೇಳಿದಿ. ನಿಮ್ಮಪ್ಪನ ಮ್ಯಾಲೆ ಮಾತ್ರ ಐತಿ. ಸಾಯೂತನ ಇರತೈತಿ.”

ನಾನು ಶೇಂಗಾ ಸುಲಿಯುತ್ತಿದ್ದೆ.

“ಒಂದ್ ಹೇಳು. ನಾ ಅವತ್ತ ಆ ಕೀಲಿ ಮಾತ ಆಡಿದ್ದು ಖರೇ ಹೌದಲ್ಲೋ? ನನ್ನ ಮಗ ನಂಬೂದಿಲ್ಲ. ಒಪ್ಪದ ಯಾರರ ಹೆಬ್ಬೆಟ್ಟ ಒತ್ತತಾರೇನಬೇ, ನೀನಾ ಹೆದರಿ ಹೂಂ ಅಂದ ಬಂದಿರಬೇಕು ಅಂತಾನ. ಕೇಳಿ ಕೇಳಿ ಒಮ್ಮೊಮ್ಮಿ ನನಗೂ ಹಂಗ ಅನಸ್ತೈತಿ. ಆಡೇನೋ, ಮನಸನ್ಯಾಗ ಅಂದಕೊಂಡೇನೋ?”

ಆಕೆಯ ಕೆಲಸವಷ್ಟೇ ಹೋಯಿತೆಂದು ನಾನು ತಿಳಿದಿದ್ದೆ. ತಾನು ಆಡಿದ ಮಾತಿನ ಮೇಲಿನ ನಂಬಿಕೆಯೂ ಹೋಗಿತ್ತು.

“ಆಡಿದ್ರಿ ದೊಡ್ಡವ್ವ,” ಎಂದೆ. “ಒಂದೂ ಬಿಡದಂಗ ಆಡಿದ್ರಿ. ದನದ ಮೈ ತೊಳಿಯೋದು, ಅಂಗಳಾ ತೊಳಿಯೋದು. ಹನ್ನೆರಡೂವರಿಗೆ ಗಂಗಾಳದಾಗ ಅನ್ನ ಹಾಕಲಿಲ್ಲಂದ್ರ ನಾನಾ ಎದ್ದ ಹೋಗ್ತೇನಿ ಅಂದ್ರಿ.”

“ಹೌದಲ್ಲಾ!” ಎಂದು ನನ್ನ ತೊಡೆಗೆ ಹೊಡೆದಳು. “ನೋಡಿದೇನು! ತಡಿ, ಅವಗ ಹೇಳು. ನೀನಾ ಹೇಳು, ಓದಿದಾಕಿ ಹೇಳಿದ್ರ ನಂಬತಾನ.” ಎಲೆಯಡಿಕೆಯ ಚೀಲದಿಂದ ಫೋನ್ ತೆಗೆದು ನನ್ನ ಕೈಯಲ್ಲೇ ನಂಬರ್ ಒತ್ತಿಸಿದಳು.

ಮಗ ಆಸ್ಪತ್ರೆಯಲ್ಲೇ ಇದ್ದ. ಹಿಂದೆ ಯಾವುದೋ ಕೂಸು ಅಳುತ್ತಿತ್ತು. ನಾನು ಯಾರೆಂದು ಹೇಳಿ, ಅವನ ಅವ್ವ ಅಂದು ಆಡಿದ ಮಾತನ್ನೆಲ್ಲ ಹೇಳಿದೆ. ಕೂಸಿನ ಅಳು ದೂರವಾಯಿತು, ಅವನು ಹೊರಗೆ ಬಂದಿರಬೇಕು. ಆಮೇಲೆ ಕೇಳಿದ. “ಹಂಗಾದ್ರ ಸ್ವಇಚ್ಛಾ ಅಂತ ಬರದಾವರು ಯಾರ್ರಿ ಅಕ್ಕಾರ?”

ಡೈರಿ ಓದಿ ಒಂದು ವರ್ಷವಾಗಿತ್ತು. ಗೆರೆ ಎಳೆದ ಆ ಪದ ನನಗೆ ಗೊತ್ತಿತ್ತು. ದೊಡ್ಡವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ಸಂತೋಷದಿಂದ.

“ನಮ್ಮಪ್ಪ ಬರಿಸಿದ್ರು,” ಎಂದೆ.

ಬೆಂಚಿನ ಮೇಲೆ ಹೂಂ ಅಂದವರು ಅವರೇ ತಾನೆ, ಇದು ಪೂರ್ತಿ ಸುಳ್ಳಲ್ಲ ಎಂದು ಅದೇ ಕ್ಷಣ ನನ್ನೊಳಗೆ ವಾದ ತಯಾರಾಯಿತು. ಹನ್ನೊಂದು ವರ್ಷದವಳಿಗೆ ಇದ್ದ ಹೆದರಿಕೆಯೂ ಆಗ ಇರಲಿಲ್ಲ. ಸಾಹೇಬರಿರಲಿಲ್ಲ, ಪುಸ್ತಕವಿರಲಿಲ್ಲ.

ಬ್ಯಾಡಗಿಯ ಬಸ್ಸು ಬಂತು. ಜನ ಮುಗಿಬಿದ್ದರು. ದೊಡ್ಡವ್ವ ನನಗಿಂತ ಮೊದಲು ಓಡಿ ಕಿಟಕಿಯೊಳಗಿಂದ ತನ್ನ ಚೀಲ ಸೀಟಿನ ಮೇಲೆ ಎಸೆದು, “ಸೀಟ್ ಹಿಡದೇನ್ರಿ, ನಮ್ಮ ಹುಡುಗಿ ಬರಾಕತ್ತೈತಿ, ಯಾರೂ ಕುಂದ್ರಬ್ಯಾಡ್ರಿ,” ಎಂದು ಕೂಗಿದಳು. ಹತ್ತಿ ಬಂದ ನನ್ನನ್ನು ಆ ಸೀಟಿನಲ್ಲಿ ಕೂರಿಸಿ ತಾನು ಕಂಬ ಹಿಡಿದು ನಿಂತಳು. ನೀವು ಕುಂದ್ರಿ ಎಂದು ನಾನು ಎರಡು ಸಲ ಹೇಳಿದೆ. ಆಕೆ ಕೇಳಲಿಲ್ಲ. ಇವತ್ತು ಕಾಲು ನೋಯುವುದಿಲ್ಲ, ಮಗನಿಗೆ ಎಲ್ಲ ತಿಳಿಯಿತಲ್ಲ ಎಂದಳು. ನಾನು ಬ್ಯಾಡಗಿಯ ತನಕ ಕುಳಿತೇ ಬಂದೆ.